ತಂತಿರಹಿತ ಗೇಮಿಂಗ್ ಹೆಡ್‌ಸೆಟ್: ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

ಕಂಪ್ಯೂಟರ್ ಹಾಗೂ ಮೊಬೈಲ್ ಬಿಡಿಭಾಗಗಳ ವ್ಯಾಪಾರದಲ್ಲಿ ತೊಡಗಿರುವ ವರ್ತಕರು ಇತ್ತೀಚಿನ ವರ್ಷಗಳಲ್ಲಿ ಗ್ರಾಹಕರಿಂದ ಪದೇ ಪದೇ ಕೇಳುತ್ತಿರುವ ಪ್ರಶ್ನೆ ಒಂದುಂಟು: "ಇದರಲ್ಲಿಯೇ ವೈರ್ ಇಲ್ಲದ್ದು ಇದೆಯೇ?" ಆಟಕ್ಕೆಂದು ತಯಾರಾದ ಹೆಡ್‌ಸೆಟ್, ಅಂದರೆ ಎರಡೂ ಕಿವಿಗಳನ್ನು ಮುಚ್ಚುವ ಹಾಗೂ ಮಾತನಾಡಲು ಮೈಕ್ರೊಫೋನ್ ಹೊಂದಿರುವ ಶ್ರವಣ ಸಾಧನ, ಈಗ ಕೇವಲ ಆಟಗಾರರ ವಸ್ತುವಾಗಿ ಉಳಿದಿಲ್ಲ. ಆನ್‌ಲೈನ್ ತರಗತಿ, ಕಚೇರಿಯ ವಿಡಿಯೋ ಸಭೆ, ದೂರವಾಣಿಯ ಮೂಲಕ ಆರ್ಡರ್ ಪಡೆಯುವ ಮೇಜು, ಇವೆಲ್ಲಕ್ಕೂ ಅದೇ ಸಾಧನ ಬಳಕೆಯಾಗುತ್ತಿದೆ. ಆದ್ದರಿಂದ ತಂತಿರಹಿತ ಹೆಡ್‌ಸೆಟ್ ಕೊಳ್ಳುವುದು ಲಾಭಕರವೇ ಎಂಬ ಪ್ರಶ್ನೆ ನಮ್ಮ ಸದಸ್ಯರಿಗೆ ಮೂರು ಬಗೆಯಲ್ಲಿ ಎದುರಾಗುತ್ತದೆ. ಅಂಗಡಿಯಲ್ಲಿ ದಾಸ್ತಾನು ಇಡುವ ವರ್ತಕನಾಗಿ, ಸಿಬ್ಬಂದಿಗೆ ಒದಗಿಸುವ ಉದ್ಯಮಿಯಾಗಿ, ಮನೆಯ ಮಕ್ಕಳ ಬೇಡಿಕೆಗೆ ಉತ್ತರ ಹೇಳಬೇಕಾದ ಹಿರಿಯನಾಗಿ. ಈ ಮೂರಕ್ಕೂ ಲೆಕ್ಕ ಬೇರೆ ಬೇರೆ. ಆದರೆ ಲೆಕ್ಕದ ಹಿಂದಿರುವ ತಾಂತ್ರಿಕ ಸಂಗತಿಗಳು ಒಂದೇ. ಅವುಗಳನ್ನು ಮೊದಲು ತಿಳಿದುಕೊಂಡು, ಬಳಿಕ ಲೆಕ್ಕಕ್ಕೆ ಬರುವುದು ಈ ಲೇಖನದ ಉದ್ದೇಶ.

ಹೆಚ್ಚಿನ ಹಣ ಎಲ್ಲಿಗೆ ಹೋಗುತ್ತದೆ?

ಒಂದೇ ತಯಾರಕರ ತಂತಿಯ ಮಾದರಿ ಹಾಗೂ ತಂತಿರಹಿತ ಮಾದರಿಗಳ ಬೆಲೆಯನ್ನು ಹೋಲಿಸಿದರೆ ವಿಷಯ ಸ್ಪಷ್ಟವಾಗುತ್ತದೆ. ಹೈಪರ್‌ಎಕ್ಸ್ ಸಂಸ್ಥೆಯ ಕ್ಲೌಡ್ ಆಲ್ಫಾ ಎಂಬ ತಂತಿಯ ಹೆಡ್‌ಸೆಟ್ 2017ರಲ್ಲಿ ಅಮೆರಿಕದ ಮಾರುಕಟ್ಟೆಗೆ ಸುಮಾರು 100 ಡಾಲರ್ ಬೆಲೆಗೆ ಬಂದಿತು. ಅದರ ತಂತಿರಹಿತ ರೂಪ 2022ರಲ್ಲಿ ಬಿಡುಗಡೆಯಾದಾಗ ಬೆಲೆ ಸುಮಾರು 200 ಡಾಲರ್. ಲಾಜಿಟೆಕ್ ಸಂಸ್ಥೆಯ ಜಿ ಪ್ರೊ ಎಕ್ಸ್ 2019ರಲ್ಲಿ ತಂತಿಯೊಡನೆ ಸುಮಾರು 130 ಡಾಲರ್, 2020ರಲ್ಲಿ ತಂತಿಯಿಲ್ಲದೆ ಸುಮಾರು 200 ಡಾಲರ್. ಅಂದರೆ ತಂತಿಯನ್ನು ತೆಗೆದುಹಾಕುವುದಕ್ಕೆ ಒಂದೂವರೆ ಪಟ್ಟಿನಿಂದ ಎರಡು ಪಟ್ಟು ಬೆಲೆ ತೆರಬೇಕಾಯಿತು.

ಇದಕ್ಕೆ ಕಾರಣವಿದೆ. ತಂತಿಯ ಹೆಡ್‌ಸೆಟ್‌ನಲ್ಲಿ ಧ್ವನಿ ಹೊಮ್ಮಿಸುವ ಎರಡು ಡ್ರೈವರ್‌ಗಳು, ಮೈಕ್ರೊಫೋನ್, ತಂತಿ, ತುದಿಯ ಪಿನ್ ಇವಿಷ್ಟೇ ಮುಖ್ಯ ಭಾಗಗಳು. ತಂತಿರಹಿತ ಮಾದರಿಗೆ ಇವುಗಳ ಜೊತೆಗೆ ರೇಡಿಯೋ ಚಿಪ್, ಆಂಟೆನಾ, ಲಿಥಿಯಂ ಬ್ಯಾಟರಿ, ಚಾರ್ಜ್ ಮಾಡುವ ಹಾಗೂ ಬ್ಯಾಟರಿಯನ್ನು ರಕ್ಷಿಸುವ ಸರ್ಕೀಟು, ಡಿಜಿಟಲ್ ಸಂಕೇತವನ್ನು ಧ್ವನಿಯಾಗಿ ಪರಿವರ್ತಿಸುವ ಚಿಪ್, ಪ್ರತ್ಯೇಕ ಯುಎಸ್‌ಬಿ ರಿಸೀವರ್ ಬೇಕು. ಜೊತೆಗೆ ರೇಡಿಯೋ ಸಾಧನಕ್ಕೆ ಅಗತ್ಯವಾದ ಪರೀಕ್ಷೆ ಹಾಗೂ ಅನುಮೋದನೆಗಳ ವೆಚ್ಚವೂ ಸೇರುತ್ತದೆ. ಇದರಿಂದ ವರ್ತಕರು ಗಮನಿಸಬೇಕಾದ ಒಂದು ಸರಳ ತತ್ವ ಹೊರಡುತ್ತದೆ. ಎರಡು ಹೆಡ್‌ಸೆಟ್‌ಗಳ ಬೆಲೆ ಒಂದೇ ಆಗಿದ್ದು, ಒಂದಕ್ಕೆ ತಂತಿ ಇದ್ದು ಮತ್ತೊಂದಕ್ಕೆ ಇಲ್ಲದಿದ್ದರೆ, ಧ್ವನಿಯ ಗುಣಮಟ್ಟಕ್ಕೆ ಹೆಚ್ಚು ಹಣ ಖರ್ಚಾಗಿರುವುದು ಸಾಮಾನ್ಯವಾಗಿ ತಂತಿಯದರಲ್ಲಿಯೇ. ಅತಿ ಕಡಿಮೆ ಬೆಲೆಗೆ ತಂತಿರಹಿತ ಗೇಮಿಂಗ್ ಹೆಡ್‌ಸೆಟ್ ದೊರೆಯುತ್ತಿದೆ ಎಂದಾದರೆ ಮೇಲಿನ ಭಾಗಗಳಲ್ಲಿ ಯಾವುದರಲ್ಲಿ ಉಳಿತಾಯ ಮಾಡಲಾಗಿದೆ ಎಂದು ವಿಚಾರಿಸಬೇಕು.

ತಂತಿಯಿಲ್ಲದ್ದೆಲ್ಲ ಒಂದೇ ಅಲ್ಲ

ಗ್ರಾಹಕರು ತಂತಿರಹಿತ ಎಂದೊಡನೆ ಬ್ಲೂಟೂತ್ ಎಂದು ಭಾವಿಸುವುದು ಸಹಜ. ವಾಸ್ತವದಲ್ಲಿ ಎರಡು ಬಗೆಯ ಸಂಪರ್ಕಗಳು ಬಳಕೆಯಲ್ಲಿವೆ. ಮೊದಲನೆಯದು ಬ್ಲೂಟೂತ್. ಎರಡನೆಯದು ತಯಾರಕರು ತಮ್ಮದೇ ವಿಧಾನದಲ್ಲಿ ರೂಪಿಸಿ, ಜೊತೆಗೆ ನೀಡುವ ಸಣ್ಣ ಯುಎಸ್‌ಬಿ ರಿಸೀವರ್ ಮೂಲಕ ನಡೆಸುವ ಸಂಪರ್ಕ. ಈ ರಿಸೀವರನ್ನು ವ್ಯಾಪಾರದಲ್ಲಿ ಡಾಂಗಲ್ ಎನ್ನುತ್ತೇವೆ. ಡಬ್ಬಿಯ ಮೇಲೆ '2.4 ಗಿಗಾಹರ್ಟ್ಸ್' ಎಂದು ಮುದ್ರಿಸುವುದು ಈ ಎರಡನೆಯ ಬಗೆಗೆ. ವಿಚಿತ್ರವೆಂದರೆ ಬ್ಲೂಟೂತ್ ಕೂಡ ಅದೇ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿಯೇ ಕೆಲಸ ಮಾಡುತ್ತದೆ. ವ್ಯತ್ಯಾಸವಿರುವುದು ಪಟ್ಟಿಯಲ್ಲಲ್ಲ, ಧ್ವನಿಯನ್ನು ಕಟ್ಟಿ ಕಳುಹಿಸುವ ಕ್ರಮದಲ್ಲಿ.

ಸಾಮಾನ್ಯ ಬ್ಲೂಟೂತ್‌ನಲ್ಲಿ ಧ್ವನಿಯನ್ನು ಸಂಕುಚಿಸಿ, ಪೊಟ್ಟಣಗಳಾಗಿ ಮಾಡಿ, ಕಳುಹಿಸಿ, ನಡುವೆ ಕಳೆದುಹೋದುದನ್ನು ಮತ್ತೆ ಕಳುಹಿಸಲು ಅವಕಾಶವಾಗುವಂತೆ ಸ್ವಲ್ಪ ಧ್ವನಿಯನ್ನು ಮುಂಚಿತವಾಗಿ ಕೂಡಿಟ್ಟುಕೊಳ್ಳಲಾಗುತ್ತದೆ. ಈ ಕೂಡಿಡುವಿಕೆಯಿಂದಲೇ ಶಬ್ದ ತಡವಾಗುತ್ತದೆ. ಸಾಮಾನ್ಯ ಸಾಧನಗಳಲ್ಲಿ ಈ ವಿಳಂಬ 100ರಿಂದ 250 ಮಿಲಿಸೆಕೆಂಡುಗಳವರೆಗೆ ಇರುತ್ತದೆ. ಡಾಂಗಲ್ ಸಂಪರ್ಕದಲ್ಲಿ 20ರಿಂದ 40 ಮಿಲಿಸೆಕೆಂಡುಗಳ ಆಸುಪಾಸು. ಅಂಕಿಗಳಾಗಿ ನೋಡಿದರೆ ಇವು ಅತ್ಯಲ್ಪವೆನಿಸಬಹುದು. ಹೊಳೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರನ್ನು ನೋಡಿದವರಿಗೆ ಇದರ ಅರ್ಥ ತಿಳಿಯುತ್ತದೆ. ಬಟ್ಟೆ ಕಲ್ಲಿಗೆ ಬಡಿದುದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುವುದರಿಂದ, 200 ಮಿಲಿಸೆಕೆಂಡು ವಿಳಂಬವೆಂದರೆ ಸುಮಾರು 69 ಮೀಟರ್ ದೂರದ ಸದ್ದನ್ನು ಕೇಳಿದಂತೆ. 30 ಮಿಲಿಸೆಕೆಂಡು ಎಂದರೆ ಸುಮಾರು 10 ಮೀಟರ್ ದೂರದ ಸದ್ದು. ಮೊದಲನೆಯದು ಕಿವಿಗೆ ಗೊತ್ತಾಗುತ್ತದೆ, ಎರಡನೆಯದನ್ನು ಬಹುತೇಕರು ಗಮನಿಸುವುದಿಲ್ಲ.

ಹಾಗಾದರೆ ಬ್ಲೂಟೂತ್‌ನಲ್ಲಿ ಸಿನಿಮಾ ನೋಡುವಾಗ ತುಟಿಯ ಚಲನೆ ಹಾಗೂ ಮಾತು ಹೊಂದಿಕೊಂಡೇ ಇರುತ್ತವಲ್ಲ ಎಂಬ ಪ್ರಶ್ನೆ ಏಳಬಹುದು. ಸಿನಿಮಾದಲ್ಲಿ ಮುಂದಿನ ದೃಶ್ಯ ಮೊದಲೇ ಸಿದ್ಧವಿರುವುದರಿಂದ ಫೋನಿನ ತಂತ್ರಾಂಶ ಚಿತ್ರವನ್ನೂ ಅಷ್ಟೇ ತಡಮಾಡಿ ಎರಡನ್ನೂ ಸರಿಹೊಂದಿಸಬಲ್ಲದು. ಆಟದಲ್ಲಿ ಇದು ಸಾಧ್ಯವಿಲ್ಲ. ಆಟಗಾರನ ಬೆರಳು ಒತ್ತಿದ ಮೇಲೆಯೇ ಮುಂದಿನ ದೃಶ್ಯ ಹುಟ್ಟುತ್ತದೆ, ಅದನ್ನು ತಡೆಹಿಡಿದರೆ ಆಟವೇ ಕೆಡುತ್ತದೆ. ಆದ್ದರಿಂದ ಅಂಗಡಿಯಲ್ಲಿ ಗೇಮಿಂಗ್ ಹೆಡ್‌ಸೆಟ್ಟನ್ನು ಹಾಡು ಅಥವಾ ವಿಡಿಯೋ ಹಾಕಿ ಪರೀಕ್ಷಿಸಿ ತೋರಿಸುವುದು ಸರಿಯಾದ ಪರೀಕ್ಷೆಯಲ್ಲ. ಫೋನಿನ ಕೀಲಿಮಣೆಯ ಸದ್ದನ್ನು ಚಾಲನೆ ಮಾಡಿ, ಅಕ್ಷರ ಒತ್ತಿದ ಕ್ಷಣಕ್ಕೂ ಕಿವಿಯಲ್ಲಿ ಸದ್ದು ಬರುವ ಕ್ಷಣಕ್ಕೂ ಇರುವ ಅಂತರವನ್ನು ಗ್ರಾಹಕನೇ ಗಮನಿಸುವಂತೆ ಮಾಡಿದರೆ ಅರ್ಧ ನಿಮಿಷದಲ್ಲಿ ನಿಜ ತಿಳಿಯುತ್ತದೆ.

ಬ್ಲೂಟೂತ್‌ಗೆ ಇನ್ನೊಂದು ಮಿತಿಯುಂಟು. ಕೇವಲ ಕೇಳುವಾಗ ಅದು ಉತ್ತಮ ಗುಣಮಟ್ಟದ ಧ್ವನಿಯನ್ನು ನೀಡುತ್ತದೆ. ಆದರೆ ಮೈಕ್ರೊಫೋನ್ ಚಾಲೂ ಆದೊಡನೆ ಸಾಂಪ್ರದಾಯಿಕ ಬ್ಲೂಟೂತ್ ದೂರವಾಣಿ ಕರೆಯ ಕ್ರಮಕ್ಕೆ ಬದಲಾಗುತ್ತದೆ. ಆಗ ಸೆಕೆಂಡಿಗೆ 8,000 ಅಥವಾ 16,000 ಮಾದರಿಗಳಷ್ಟೇ ಸಾಗುವುದರಿಂದ ಧ್ವನಿ ಡಬ್ಬದೊಳಗಿಂದ ಬಂದಂತೆ ಕೇಳುತ್ತದೆ. ತಂಡದೊಡನೆ ಮಾತನಾಡುತ್ತ ಆಡುವವರಿಗೆ ಇದು ದೊಡ್ಡ ಕೊರತೆ. "ಅಂಗಡಿಯಲ್ಲಿ ಚೆನ್ನಾಗಿತ್ತು, ಮನೆಯಲ್ಲಿ ಕೆಟ್ಟುಹೋಯಿತು" ಎಂದು ಗ್ರಾಹಕ ಹೆಡ್‌ಸೆಟ್ ಮರಳಿ ತಂದಾಗ, ಅನೇಕ ವೇಳೆ ಸಾಧನದಲ್ಲಿ ದೋಷವಿರುವುದಿಲ್ಲ, ಮೈಕ್ ಚಾಲೂ ಆದಾಗಿನ ಈ ಬದಲಾವಣೆಯೇ ಕಾರಣವಾಗಿರುತ್ತದೆ. 2020ರಲ್ಲಿ ಘೋಷಿತವಾದ ಎಲ್‌ಇ ಆಡಿಯೋ ಎಂಬ ಹೊಸ ಬ್ಲೂಟೂತ್ ಕ್ರಮವು ಈ ಎರಡೂ ಕೊರತೆಗಳನ್ನು ತಗ್ಗಿಸುತ್ತದೆ. ಆದರೆ ಫೋನು ಮತ್ತು ಹೆಡ್‌ಸೆಟ್ ಎರಡರಲ್ಲಿಯೂ ಆ ಸೌಲಭ್ಯವಿದ್ದರೆ ಮಾತ್ರ ಪ್ರಯೋಜನ.

ಯಾವ ಯಂತ್ರಕ್ಕೆ ಯಾವ ಹೆಡ್‌ಸೆಟ್?

ಮಾರಾಟದ ಮೊದಲು ಗ್ರಾಹಕನನ್ನು ಕೇಳಲೇಬೇಕಾದ ಪ್ರಶ್ನೆ "ಯಾವುದರಲ್ಲಿ ಆಡುತ್ತೀರಿ?" ಎಂಬುದು.

ಕಂಪ್ಯೂಟರಿಗೆ ಡಾಂಗಲ್ ಇರುವ ಮಾದರಿ ಸೂಕ್ತ. ಪ್ಲೇಸ್ಟೇಷನ್ 4 ಹಾಗೂ 5 ಯಂತ್ರಗಳು ಬ್ಲೂಟೂತ್ ಹೆಡ್‌ಸೆಟ್‌ಗಳನ್ನು ನೇರವಾಗಿ ಸ್ವೀಕರಿಸುವುದಿಲ್ಲ, ಅವುಗಳಿಗೂ ಹೊಂದುವ ಡಾಂಗಲ್ ಬೇಕು. ಎಕ್ಸ್‌ಬಾಕ್ಸ್ ಯಂತ್ರ ಕೂಡ ಬ್ಲೂಟೂತ್ ಧ್ವನಿಯನ್ನು ಒಪ್ಪುವುದಿಲ್ಲ. ಜೊತೆಗೆ ಎಕ್ಸ್‌ಬಾಕ್ಸ್‌ಗೆಂದೇ ಪರವಾನಗಿ ಪಡೆದ ಮಾದರಿಗಳನ್ನಷ್ಟೇ ಅದು ತಂತಿಯಿಲ್ಲದೆ ಗುರುತಿಸುತ್ತದೆ. ಆದ್ದರಿಂದ ಕಂಪ್ಯೂಟರಿಗೆ ಸರಿಹೋದ ಡಾಂಗಲ್ ಎಕ್ಸ್‌ಬಾಕ್ಸ್‌ಗೂ ಸರಿಹೋಗುತ್ತದೆ ಎಂದು ಭರವಸೆ ನೀಡಬಾರದು. ನಿಂಟೆಂಡೊ ಸ್ವಿಚ್ ಯಂತ್ರಕ್ಕೆ ಸೆಪ್ಟೆಂಬರ್ 2021ರ ತಂತ್ರಾಂಶ ಪರಿಷ್ಕರಣೆಯಿಂದ ಬ್ಲೂಟೂತ್ ಧ್ವನಿ ಬಂದಿತು, ಆದರೆ ಬ್ಲೂಟೂತ್ ಮೈಕ್ರೊಫೋನಿಗೆ ಅವಕಾಶ ದೊರೆಯಲಿಲ್ಲ.

ನಮ್ಮ ದೇಶದಲ್ಲಿ ಬಹುಪಾಲು ಆಟಗಾರರು ಆಡುವುದು ಮೊಬೈಲ್ ಫೋನಿನಲ್ಲಿ. ಇವರಿಗೆ ಟೈಪ್-ಸಿ ಡಾಂಗಲ್ ಇರುವ ಹೆಡ್‌ಸೆಟ್ ಅಥವಾ ತಂತಿಯ ಹೆಡ್‌ಸೆಟ್ ತಕ್ಕುದು. ಹಳೆಯ ಬಗೆಯ ಅಗಲವಾದ ಯುಎಸ್‌ಬಿ ಡಾಂಗಲ್ ಮಾತ್ರ ಇದ್ದರೆ ಫೋನಿಗೆ ಜೋಡಿಸಲು ಪರಿವರ್ತಕ ಪಿನ್ ಬೇಕಾಗುತ್ತದೆ. ಎರಡೂ ಸಂಪರ್ಕಗಳುಳ್ಳ ಮಾದರಿಗಳೂ ಇವೆ. 2021ರಲ್ಲಿ ಬಂದ ಲಾಜಿಟೆಕ್ ಜಿ435ರಲ್ಲಿ ಡಾಂಗಲ್ ಮತ್ತು ಬ್ಲೂಟೂತ್ ಎರಡೂ ಇವೆ. ಆದರೆ ಮೇಲೆ ಹೇಳಿದ ಕ್ಲೌಡ್ ಆಲ್ಫಾ ವೈರ್‌ಲೆಸ್‌ನಲ್ಲಿ ಬ್ಲೂಟೂತ್ ಇಲ್ಲ. ಬೆಲೆ ಹೆಚ್ಚಿದ್ದರೆ ಎಲ್ಲವೂ ಇರುತ್ತದೆ ಎಂಬ ನಂಬಿಕೆ ಸರಿಯಲ್ಲ ಎಂಬುದಕ್ಕೆ ಇದೇ ನಿದರ್ಶನ.

ಬ್ಯಾಟರಿಯ ಆಯುಷ್ಯ

ತಂತಿರಹಿತ ಹೆಡ್‌ಸೆಟ್ ಬೇಡವೆನ್ನುವವರು ಮೊದಲು ಮುಂದಿಡುವ ಆಕ್ಷೇಪ ಬ್ಯಾಟರಿಯದು. ಇದನ್ನು ಲೆಕ್ಕ ಹಾಕಿಯೇ ನೋಡಬೇಕು. ಲಿಥಿಯಂ ಬ್ಯಾಟರಿಗಳು ಸಾಮಾನ್ಯವಾಗಿ 300ರಿಂದ 500 ಪೂರ್ಣ ಚಾರ್ಜುಗಳ ಬಳಿಕ ತಮ್ಮ ಮೂಲ ಸಾಮರ್ಥ್ಯದ ಶೇಕಡಾ 80ರ ಮಟ್ಟಕ್ಕೆ ಇಳಿಯುತ್ತವೆ.

ಜಿ435 ಮಾದರಿಗೆ ತಯಾರಕರು ಹೇಳುವ ಬ್ಯಾಟರಿ ಅವಧಿ 18 ಗಂಟೆ. ದಿನಕ್ಕೆ 3 ಗಂಟೆ ಬಳಸುವ ಮನೆಯ ಆಟಗಾರನಿಗೆ ಆರು ದಿನಗಳಿಗೊಮ್ಮೆ ಚಾರ್ಜ್ ಬೇಕು. ಅಂದರೆ ವರ್ಷಕ್ಕೆ ಸುಮಾರು 60 ಬಾರಿ. 300 ಚಾರ್ಜ್ ಮುಗಿಯಲು ಐದು ವರ್ಷ ಹಿಡಿಯುತ್ತದೆ. ಕ್ಲೌಡ್ ಆಲ್ಫಾ ವೈರ್‌ಲೆಸ್‌ಗೆ ತಯಾರಕರು ಹೇಳುವ ಅವಧಿ 300 ಗಂಟೆಯವರೆಗೆ. ಅದೇ ಬಳಕೆಗೆ ವರ್ಷಕ್ಕೆ ಮೂರು ನಾಲ್ಕು ಚಾರ್ಜ್ ಸಾಕು. ಹೀಗೆ ಮನೆಬಳಕೆಯಲ್ಲಿ ಚಾರ್ಜುಗಳ ಸಂಖ್ಯೆಯಿಂದ ಬ್ಯಾಟರಿ ಸವೆಯುತ್ತದೆ ಎಂಬ ಭಯ ಅಷ್ಟಾಗಿ ನಿಲ್ಲುವುದಿಲ್ಲ. ಅದಕ್ಕೂ ಮೊದಲು ಕಿವಿಯ ಕುಷನ್ ಹರಿಯುತ್ತದೆ, ಮಡಿಚುವ ಕೀಲು ಸಡಿಲವಾಗುತ್ತದೆ ಅಥವಾ ಡಾಂಗಲ್ ಕಳೆದುಹೋಗುತ್ತದೆ.

ಇದೇ ಲೆಕ್ಕವನ್ನು ಗೇಮಿಂಗ್ ಕೇಂದ್ರಕ್ಕೆ ಹಾಕಿದಾಗ ಚಿತ್ರ ಬದಲಾಗುತ್ತದೆ. ದಿನಕ್ಕೆ 12 ಗಂಟೆ ಓಡುವ ಕೇಂದ್ರದಲ್ಲಿ 18 ಗಂಟೆಯ ಹೆಡ್‌ಸೆಟ್‌ಗೆ ವರ್ಷಕ್ಕೆ ಸುಮಾರು 240 ಪೂರ್ಣ ಚಾರ್ಜ್ ಬೇಕಾಗುತ್ತದೆ. ಹದಿನೈದು ತಿಂಗಳಿಂದ ಎರಡು ವರ್ಷದೊಳಗೆ ಬ್ಯಾಟರಿ ದಣಿಯುತ್ತದೆ. ಆಟದ ನಡುವೆ ಚಾರ್ಜ್ ಮುಗಿದರೆ ಗ್ರಾಹಕನ ತಕರಾರು ಬೇರೆ.

ಇಂತಹ ಕೇಂದ್ರಗಳಿಗೆ ಮತ್ತೊಂದು ತೊಡಕೂ ಇದೆ. ಭಾರತದಲ್ಲಿ ಪರವಾನಗಿ ಬೇಡದ 2.4 ಗಿಗಾಹರ್ಟ್ಸ್ ಪಟ್ಟಿಯ ಅಗಲ 83.5 ಮೆಗಾಹರ್ಟ್ಸ್ ಮಾತ್ರ. ಅಷ್ಟರಲ್ಲಿ ವೈಫೈ, ತಂತಿರಹಿತ ಮೌಸ್, ಕೀಲಿಮಣೆ, ಬ್ಲೂಟೂತ್ ಎಲ್ಲವೂ ಜಾಗ ಹಂಚಿಕೊಳ್ಳಬೇಕು. ವೈಫೈ ಒಂದಕ್ಕೇ ಒಂದರ ಮೇಲೊಂದು ಬೀಳದಂತೆ ಮೂರು ಚಾನೆಲ್‌ಗಳಿಗೆ ಮಾತ್ರ ಅಲ್ಲಿ ಸ್ಥಳವಿದೆ. ಒಂದು ಕೋಣೆಯಲ್ಲಿ ಇಪ್ಪತ್ತು ತಂತಿರಹಿತ ಹೆಡ್‌ಸೆಟ್‌ಗಳು ಕೂಡಿದರೆ ಧ್ವನಿ ಕಡಿದು ಕಡಿದು ಬರುವ ಸಾಧ್ಯತೆ ಹೆಚ್ಚು. ಆದ್ದರಿಂದ ಗೇಮಿಂಗ್ ಕೇಂದ್ರ, ತರಬೇತಿ ಕೊಠಡಿ, ಅನೇಕ ಮಂದಿ ಸಾಲಾಗಿ ಕುಳಿತು ಕೆಲಸ ಮಾಡುವ ದೂರವಾಣಿ ಮೇಜು, ಇವುಗಳಿಗೆ ತಂತಿಯ ಹೆಡ್‌ಸೆಟ್ಟೇ ಯೋಗ್ಯ. ಎದ್ದು ಗೋದಾಮಿಗೆ ಹೋಗಿ ದಾಸ್ತಾನು ನೋಡುತ್ತ ಗ್ರಾಹಕನೊಡನೆ ಮಾತನಾಡಬೇಕಾದ ಒಬ್ಬಿಬ್ಬರಿಗೆ ಮಾತ್ರ ತಂತಿರಹಿತ ಹೆಡ್‌ಸೆಟ್ ನಿಜವಾದ ಅನುಕೂಲ ನೀಡುತ್ತದೆ.

ಬ್ಯಾಟರಿಗೆ ಸಂಬಂಧಿಸಿ ಕೊಳ್ಳುವವರು ಕೇಳಬೇಕಾದ ಎರಡು ಪ್ರಶ್ನೆಗಳಿವೆ. ಮೊದಲನೆಯದು, ಚಾರ್ಜ್ ಮುಗಿದಾಗ ತಂತಿ ಜೋಡಿಸಿ ಕೇಳಲು ಬರುತ್ತದೆಯೇ? ಡಬ್ಬಿಯಲ್ಲಿ ಯುಎಸ್‌ಬಿ ತಂತಿ ಇದೆ ಎಂದ ಮಾತ್ರಕ್ಕೆ ಅದರಲ್ಲಿ ಧ್ವನಿ ಹರಿಯುತ್ತದೆ ಎಂದಲ್ಲ. ಜಿ435 ಹಾಗೂ ಕ್ಲೌಡ್ ಆಲ್ಫಾ ವೈರ್‌ಲೆಸ್ ಎರಡರಲ್ಲಿಯೂ ಆ ತಂತಿ ಚಾರ್ಜ್ ಮಾಡಲು ಮಾತ್ರ. ಎರಡನೆಯದು, ಬ್ಯಾಟರಿಯನ್ನು ಬಳಕೆದಾರನೇ ಬದಲಿಸಬಹುದೇ? 2022ರಲ್ಲಿ ಬಂದ ಸ್ಟೀಲ್‌ಸೀರೀಸ್ ಆರ್ಕ್ಟಿಸ್ ನೋವಾ ಪ್ರೊ ವೈರ್‌ಲೆಸ್ ಜೊತೆಗೆ ಎರಡು ಬ್ಯಾಟರಿಗಳು ಬರುತ್ತವೆ. ಒಂದು ಬಳಕೆಯಲ್ಲಿರುವಾಗ ಇನ್ನೊಂದು ಮೇಜಿನ ಮೇಲಿನ ಪೆಟ್ಟಿಗೆಯಲ್ಲಿ ಚಾರ್ಜ್ ಆಗುತ್ತಿರುತ್ತದೆ. ಅದು ದುಬಾರಿ ಮಾದರಿ. ಬಹುತೇಕ ಮಾದರಿಗಳಲ್ಲಿ ಬ್ಯಾಟರಿ ಒಳಗೆ ಮುಚ್ಚಿದ ಸ್ಥಿತಿಯಲ್ಲಿಯೇ ಇರುತ್ತದೆ.

ಬಳಸುವವನ ಲೆಕ್ಕ

ಈಗ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಅಂಕಿಗಳು ಲೆಕ್ಕದ ಕ್ರಮವನ್ನು ತೋರಿಸಲು ಮಾತ್ರ. ಓದುಗರು ತಮ್ಮ ಊರಿನ ಬೆಲೆಗಳನ್ನು ಅಲ್ಲಿ ಹಾಕಿಕೊಳ್ಳಬೇಕು.

ತಂತಿಯ ಹೆಡ್‌ಸೆಟ್ ಬೆಲೆ 4,000 ರೂ., ನಡುವೆ ಕುಷನ್ ಹಾಗೂ ತಂತಿ ಬದಲಿಸಲು 800 ರೂ., ಬಾಳಿಕೆ 5 ವರ್ಷ ಎಂದಿಟ್ಟುಕೊಂಡರೆ ವರ್ಷಕ್ಕೆ ಬೀಳುವ ವೆಚ್ಚ 960 ರೂ. ತಂತಿರಹಿತ ಹೆಡ್‌ಸೆಟ್ ಬೆಲೆ 8,000 ರೂ., ಕುಷನ್‌ಗೆ 800 ರೂ., ಬಾಳಿಕೆ 4 ವರ್ಷ ಎಂದಾದರೆ ವರ್ಷಕ್ಕೆ 2,200 ರೂ. ವ್ಯತ್ಯಾಸ 1,240 ರೂ., ಅಂದರೆ ತಿಂಗಳಿಗೆ ಸುಮಾರು 103 ರೂ. ತಂತಿಯಿಲ್ಲದ ಅನುಕೂಲಕ್ಕೆ ತೆರುವ ನಿಜವಾದ ಬೆಲೆ ಇದು. ದಿನಕ್ಕೆ ಮೂರು ಗಂಟೆ, ತಿಂಗಳಿಗೆ 90 ಗಂಟೆ ಬಳಸುವವನಿಗೆ ಗಂಟೆಗೆ ಒಂದು ರೂಪಾಯಿ ಹದಿನೈದು ಪೈಸೆ ಮಾತ್ರ. ಭಾನುವಾರ ಎರಡು ಗಂಟೆಯಂತೆ ತಿಂಗಳಿಗೆ 8 ಗಂಟೆ ಬಳಸುವವನಿಗೆ ಗಂಟೆಗೆ ಸುಮಾರು 13 ರೂ. ಮೊದಲನೆಯವನು ಕೊಳ್ಳಬಹುದು. ಎರಡನೆಯವನು ತಂತಿಯದನ್ನೇ ಕೊಂಡು, ಉಳಿದ ಹಣದಲ್ಲಿ ಉತ್ತಮ ಮೌಸ್ ಅಥವಾ ಕುರ್ಚಿ ಕೊಳ್ಳುವುದು ವಿವೇಕ.

ವ್ಯವಹಾರದ ಉಪಯೋಗಕ್ಕಾಗಿ ಕೊಳ್ಳುವ ಜಿಎಸ್‌ಟಿ ನೋಂದಾಯಿತ ಉದ್ಯಮಿಗೆ ಇನ್ನೊಂದು ಅಂಶ ಸೇರುತ್ತದೆ. ಹೆಡ್‌ಸೆಟ್‌ಗಳ ಮೇಲಿನ ತೆರಿಗೆ ಶೇಕಡಾ 18. ತೆರಿಗೆ ಸೇರಿ 8,000 ರೂ. ಬೆಲೆಯಲ್ಲಿ ಸುಮಾರು 1,220 ರೂ. ತೆರಿಗೆಯ ಭಾಗ. ಸಂಸ್ಥೆಯ ಹೆಸರು ಹಾಗೂ ಜಿಎಸ್‌ಟಿ ಸಂಖ್ಯೆ ಇರುವ ಬಿಲ್ ಪಡೆದಿದ್ದು, ಇತರ ನಿಯಮಗಳೂ ಪಾಲನೆಯಾಗಿದ್ದರೆ ಈ ಮೊತ್ತವನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ಮನೆಯ ಬಳಕೆಗೆಂದು ಕೊಂಡದ್ದಕ್ಕೆ ಈ ಸೌಲಭ್ಯವಿಲ್ಲ. ಎರಡನ್ನೂ ಒಂದೇ ಬಿಲ್ಲಿನಲ್ಲಿ ಬೆರೆಸುವುದು ಕೂಡದು.

ವರ್ತಕನ ಲೆಕ್ಕ

ಮಾರುವವನ ಲೆಕ್ಕ ಇದಕ್ಕಿಂತ ಕಠಿಣವಾದುದು. ಇಲ್ಲಿಯೂ ಉದಾಹರಣೆಗೆಂದೇ ಅಂಕಿಗಳನ್ನು ತೆಗೆದುಕೊಳ್ಳೋಣ. ತೆರಿಗೆ ಬಿಟ್ಟು ತಲಾ 6,000 ರೂ.ಗೆ ಇಪ್ಪತ್ತು ತಂತಿರಹಿತ ಹೆಡ್‌ಸೆಟ್ ತರಿಸಿದರೆ ಹೂಡಿಕೆ 1,20,000 ರೂ. ಶೇಕಡಾ 10ರ ಅಂಚಿನಲ್ಲಿ 6,600 ರೂ.ಗೆ ಮಾರಿದರೆ ಒಟ್ಟು ಲಾಭ 12,000 ರೂ. ವರ್ಷಕ್ಕೆ ಶೇಕಡಾ 12ರ ಬಡ್ಡಿಯ ಹಣವಾದರೆ, ದಾಸ್ತಾನು ಪೂರ್ತಿ ಉಳಿದಿರುವ ಒಂದೊಂದು ತಿಂಗಳಿಗೂ 1,200 ರೂ. ಬಡ್ಡಿ ಕರಗುತ್ತದೆ.

ಈಗ ಇಪ್ಪತ್ತರಲ್ಲಿ ಎರಡು ಮರಳಿ ಬಂದವು, ವಿತರಕರು ಬದಲಿಸಿಕೊಡಲು ಒಪ್ಪಲಿಲ್ಲ, ಗ್ರಾಹಕನಿಗೆ ಹಣ ಹಿಂದಿರುಗಿಸಬೇಕಾಯಿತು ಎಂದಿಟ್ಟುಕೊಳ್ಳಿ. ಉಳಿದ 18ರಿಂದ ಬಂದ ಹಣ 1,18,800 ರೂ. ಖರೀದಿಯ ಹಣ 1,20,000 ರೂ. ಲಾಭವೆಲ್ಲ ಹೋಗಿ 1,200 ರೂ. ನಷ್ಟ, ಬಡ್ಡಿ ಬೇರೆ. ಹತ್ತರಲ್ಲಿ ಒಂದು ಮರಳಿ ಬಂದರೆ ಶೇಕಡಾ 10ರ ಅಂಚು ಉಳಿಯುವುದಿಲ್ಲ ಎಂಬುದೇ ಇದರ ಸಾರಾಂಶ. ಬಡ್ಡಿಯ ಆಸೆಗೆ ಅಸಲು ಕಳೆದುಕೊಂಡಂತೆ ಆಗಬಾರದೆಂದರೆ, ಖರೀದಿ ದರದಲ್ಲಿ ನೂರಿನ್ನೂರು ರೂಪಾಯಿ ಚೌಕಾಸಿ ಮಾಡುವುದಕ್ಕಿಂತ ಬದಲಿಸಿಕೊಡುವ ಷರತ್ತನ್ನು ಬರಹದಲ್ಲಿ ಪಡೆಯುವುದು ಮುಖ್ಯ. ಷರತ್ತಿನಲ್ಲಿ ಈ ಕೆಳಗಿನವು ಸ್ಪಷ್ಟವಾಗಿರಬೇಕು.

1. ವಾರಂಟಿ ಆರಂಭವಾಗುವುದು ವಿತರಕರ ಬಿಲ್ಲಿನ ದಿನದಿಂದಲೋ, ಗ್ರಾಹಕನ ಬಿಲ್ಲಿನ ದಿನದಿಂದಲೋ?
2. ಬ್ಯಾಟರಿಗೆ ಹಾಗೂ ಡಾಂಗಲ್‌ಗೆ ವಾರಂಟಿ ಇದೆಯೇ, ಇದ್ದರೆ ಎಷ್ಟು ಕಾಲ?
3. ಡಾಂಗಲ್ ಕಳೆದರೆ ಅದೊಂದನ್ನೇ ಕೊಳ್ಳಲು ದೊರೆಯುತ್ತದೆಯೇ? ದೊರೆಯದಿದ್ದರೆ, ಡಾಂಗಲ್ ಅನ್ನೇ ನಂಬಿದ ಹೆಡ್‌ಸೆಟ್ ಹೆಬ್ಬೆರಳ ಗಾತ್ರದ ಆ ವಸ್ತುವಿಲ್ಲದೆ ನಿರುಪಯೋಗಿಯಾಗುತ್ತದೆ.
4. ಸೇವಾ ಕೇಂದ್ರಕ್ಕೆ ಕಳುಹಿಸುವ ಹಾಗೂ ತರಿಸುವ ಸಾಗಣೆ ವೆಚ್ಚ ಯಾರದು?

ದಾಸ್ತಾನಿನ ಬಗೆಗೂ ಎಚ್ಚರ ಅಗತ್ಯ. ತಂತಿಯ ಹೆಡ್‌ಸೆಟ್ ವರ್ಷಗಟ್ಟಲೆ ಕಪಾಟಿನಲ್ಲಿದ್ದರೂ ಅಷ್ಟಾಗಿ ಕೆಡದು. ಲಿಥಿಯಂ ಬ್ಯಾಟರಿ ಮಾತ್ರ ಬಳಸದೆ ಇಟ್ಟರೂ ಮುಪ್ಪಾಗುತ್ತದೆ. ಬಿಸಿಲಿಗೆ ಕಾಯುವ ತಗಡಿನ ಮಾಡಿನ ಗೋದಾಮಿನಲ್ಲಿ ಮುಪ್ಪು ಬೇಗ. ಪೂರ್ತಿ ಬರಿದಾದ ಸ್ಥಿತಿಯಲ್ಲಿ ದೀರ್ಘಕಾಲ ಉಳಿದರೆ ಮತ್ತೆ ಚಾರ್ಜ್ ಹಿಡಿಯದೆಯೂ ಹೋಗಬಹುದು. ಕಲಬುರಗಿ, ರಾಯಚೂರು, ಬಳ್ಳಾರಿಯಂತಹ ಬಿಸಿಲಿನ ಊರುಗಳ ವರ್ತಕರು ಇದನ್ನು ವಿಶೇಷವಾಗಿ ಗಮನಿಸಬೇಕು. ತಂಪಾದ ಜಾಗದಲ್ಲಿ ಇಡುವುದು, ಮೊದಲು ಬಂದುದನ್ನು ಮೊದಲು ಮಾರುವುದು, ಆರು ತಿಂಗಳು ಮೀರಿದ ದಾಸ್ತಾನನ್ನು ಅರ್ಧದಷ್ಟು ಚಾರ್ಜ್ ಮಾಡಿಡುವುದು ಸೂಕ್ತ. ಒಮ್ಮೆಗೆ ಇಪ್ಪತ್ತು ತರಿಸುವ ಬದಲು ಐದೈದರಂತೆ ತರಿಸಿದರೆ ಎರಡು ಮೂರು ರೂಪಾಯಿ ದರ ಹೆಚ್ಚಾದರೂ ಹಾನಿಯಿಲ್ಲ.

ಬೇಡಿಕೆಯ ಏರಿಳಿತವೂ ಈ ವ್ಯಾಪಾರದ ಸ್ವಭಾವ. ಸೆಪ್ಟೆಂಬರ್ 2020ರಲ್ಲಿ ಪಬ್‌ಜಿ ಮೊಬೈಲ್ ಆಟವನ್ನು ಕೇಂದ್ರ ಸರ್ಕಾರ ನಿರ್ಬಂಧಿಸಿತು. ಅದರ ಭಾರತೀಯ ರೂಪ 2021ರ ಜುಲೈನಲ್ಲಿ ಬಂದು, 2022ರ ಜುಲೈನಲ್ಲಿ ಮತ್ತೆ ನಿಂತು, 2023ರ ಮೇ ತಿಂಗಳಲ್ಲಿ ಪುನರಾರಂಭಗೊಂಡಿತು. ಒಂದೇ ಆಟವನ್ನು ನಂಬಿ ದಾಸ್ತಾನು ಮಾಡಿದವರಿಗೆ ಇದೊಂದು ಪಾಠ. 2025ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಯವರ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯಿದೆಯು ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಯನ್ನು ಬೇರೆಯಾಗಿ ಗುರುತಿಸಿ ಪ್ರೋತ್ಸಾಹಿಸುತ್ತದೆ. ಹೆಡ್‌ಸೆಟ್‌ಗೆ ಬೇಡಿಕೆ ಬರುವುದು ಹೆಚ್ಚಾಗಿ ಇ-ಕ್ರೀಡೆ ಹಾಗೂ ಮನರಂಜನೆಯ ಆಟಗಳಿಂದಲೇ ಆದುದರಿಂದ ವರ್ತಕರು ಈ ವ್ಯತ್ಯಾಸವನ್ನು ತಿಳಿದಿರಬೇಕು.

ಕಾಗದಪತ್ರಗಳ ಪರಿಶೀಲನೆ

ಬೆಂಗಳೂರಿನ ಸಾದರಪತ್ರಪ್ಪ ರಸ್ತೆಯಂತಹ ದೊಡ್ಡ ಮಾರುಕಟ್ಟೆಗಳಿಂದ ಜಿಲ್ಲೆ, ತಾಲ್ಲೂಕುಗಳ ವರ್ತಕರು ಮಾಲು ತರುವುದು ರೂಢಿ. ಯಾವುದೇ ಮಾರುಕಟ್ಟೆಯಿಂದ ತಂದರೂ ಈ ಕೆಳಗಿನವನ್ನು ನೋಡಿಯೇ ತರಬೇಕು.

ತಂತಿರಹಿತ ಹೆಡ್‌ಫೋನ್ ಹಾಗೂ ಇಯರ್‌ಫೋನ್‌ಗಳನ್ನು 2020ರ ಅಧಿಸೂಚನೆಯ ಮೂಲಕ ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿಯ ಪಟ್ಟಿಗೆ ಸೇರಿಸಲಾಯಿತು. ಸಾಧನದ ಅಥವಾ ಡಬ್ಬಿಯ ಮೇಲೆ ಬ್ಯೂರೋದ ಗುರುತು ಹಾಗೂ 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರಬೇಕು. ಬ್ಯೂರೋದ 'ಬಿಐಎಸ್ ಕೇರ್' ಎಂಬ ಮೊಬೈಲ್ ಆ್ಯಪ್‌ನಲ್ಲಿ ಆ ಸಂಖ್ಯೆಯನ್ನು ಹಾಕಿದರೆ ಯಾವ ತಯಾರಕರಿಗೆ ಯಾವ ವಸ್ತುವಿಗೆ ನೋಂದಣಿ ದೊರೆತಿದೆ ಎಂಬುದು ತಿಳಿಯುತ್ತದೆ. ಮೊಬೈಲ್ ಚಾರ್ಜರ್‌ಗೆ ಪಡೆದ ಸಂಖ್ಯೆಯನ್ನು ಹೆಡ್‌ಸೆಟ್ ಮೇಲೆ ಅಚ್ಚು ಹಾಕಿದ್ದರೆ ಅಲ್ಲಿಯೇ ಸಿಕ್ಕಿಬೀಳುತ್ತದೆ. ಗುರುತಿಲ್ಲದ ಸರಕನ್ನು ತಯಾರಿಸುವುದು ಮಾತ್ರವಲ್ಲ, ಮಾರುವುದು ಹಾಗೂ ಮಾರಾಟಕ್ಕಾಗಿ ಸಂಗ್ರಹಿಸಿಡುವುದು ಕೂಡ 2016ರ ಭಾರತೀಯ ಮಾನಕ ಬ್ಯೂರೋ ಕಾಯಿದೆಗೆ ವಿರುದ್ಧ. ಆದುದರಿಂದ "ನಾನು ಮಾಡಿದ್ದಲ್ಲ, ತಂದು ಮಾರಿದೆ ಅಷ್ಟೆ" ಎಂಬ ಸಮಜಾಯಿಷಿ ನಡೆಯುವುದಿಲ್ಲ.

ರೇಡಿಯೋ ತರಂಗ ಹೊರಸೂಸುವ ಸಾಧನವಾದುದರಿಂದ ಆಮದುದಾರರು ದೂರಸಂಪರ್ಕ ಇಲಾಖೆಯ ತಂತಿರಹಿತ ಯೋಜನಾ ವಿಭಾಗದಿಂದ ಸಾಧನ ಮಾದರಿಯ ಅನುಮೋದನೆಯನ್ನೂ ಪಡೆದಿರಬೇಕು. ತರಂಗಪಟ್ಟಿಗೆ ಪರವಾನಗಿ ಬೇಡವೆಂದರೆ ಸಾಧನಕ್ಕೂ ಅನುಮೋದನೆ ಬೇಡವೆಂದು ಅರ್ಥವಲ್ಲ. 2011ರ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರ ಗರಿಷ್ಠ ಮಾರಾಟ ಬೆಲೆ, ಆಮದುದಾರರ ಅಥವಾ ತಯಾರಕರ ಹೆಸರು ಮತ್ತು ವಿಳಾಸ, ತಯಾರಾದ ದೇಶ, ಗ್ರಾಹಕರ ದೂರಿಗೆ ಸಂಪರ್ಕದ ವಿವರ ಡಬ್ಬಿಯ ಮೇಲಿರಬೇಕು. 2020ರ ಜುಲೈನಿಂದ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯಿದೆಯು ದೋಷಯುಕ್ತ ವಸ್ತುವಿನಿಂದ ಆದ ಹಾನಿಗೆ ಕೆಲವು ಸಂದರ್ಭಗಳಲ್ಲಿ ಮಾರಾಟಗಾರನನ್ನೂ ಹೊಣೆ ಮಾಡುತ್ತದೆ. ತಯಾರಕರು ಯಾರೆಂದೇ ತಿಳಿಯದ ಸರಕು ಅಂತಹ ಒಂದು ಸಂದರ್ಭ. ಕಿವಿಯ ಪಕ್ಕದಲ್ಲಿಯೇ ಲಿಥಿಯಂ ಬ್ಯಾಟರಿ ಇರುವ ಸಾಧನದಲ್ಲಿ ಇದನ್ನು ಹಗುರವಾಗಿ ಕಾಣಲಾಗದು.

ಸಣ್ಣ ತಯಾರಕರಿಗೆ ಅವಕಾಶ

2022ರ ಕೇಂದ್ರ ಮುಂಗಡಪತ್ರದಲ್ಲಿ ಕಿವಿಗೆ ಧರಿಸುವ ವಿದ್ಯುನ್ಮಾನ ಸಾಧನಗಳ ದೇಶೀಯ ತಯಾರಿಕೆಯನ್ನು ಪ್ರೋತ್ಸಾಹಿಸಲು ಸೀಮಾ ಸುಂಕದ ಶ್ರೇಣೀಕೃತ ದರಗಳನ್ನು ಪ್ರಕಟಿಸಲಾಯಿತು. ಆದರೂ ರೇಡಿಯೋ ಚಿಪ್, ಪರೀಕ್ಷೆ, ನೋಂದಣಿ ಇವುಗಳ ಹೂಡಿಕೆ ಸಣ್ಣ ಘಟಕಕ್ಕೆ ಭಾರವೇ ಸರಿ. ಅದಕ್ಕಿಂತ ಹತ್ತಿರದ ದಾರಿ ಬೇರೊಂದಿದೆ. ಮೊದಲು ಸವೆಯುವುದು ಕಿವಿಯ ಕುಷನ್ ಎಂಬುದನ್ನು ಮೇಲೆ ನೋಡಿದೆವು. ಫೋಮ್ ಹಾಗೂ ಕೃತಕ ಚರ್ಮ ಅಥವಾ ಬಟ್ಟೆಯ ಹೊಲಿಗೆ ಬಲ್ಲ ಘಟಕಗಳು ಜನಪ್ರಿಯ ಮಾದರಿಗಳ ಅಳತೆಗೆ ಕುಷನ್ ತಯಾರಿಸಬಹುದು. ಸಾಗಿಸುವ ಚೀಲ, ಮೇಜಿನ ಮೇಲಿಡುವ ಸ್ಟ್ಯಾಂಡ್, ಡಾಂಗಲ್‌ಗೆ ಸಣ್ಣ ಯುಎಸ್‌ಬಿ ವಿಸ್ತರಣಾ ತಂತಿ, ಇವುಗಳಿಗೂ ಬೇಡಿಕೆ ಇದೆ. ಈ ಕೊನೆಯದು ನಿಜವಾಗಿ ಉಪಯುಕ್ತ ವಸ್ತು. ಯುಎಸ್‌ಬಿ 3 ಕಿಂಡಿಗಳು ಹಾಗೂ ಅವುಗಳಿಗೆ ಜೋಡಿಸಿದ ಹಾರ್ಡ್‌ಡಿಸ್ಕ್‌ಗಳು 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ರೇಡಿಯೋ ಗದ್ದಲ ಹೊರಸೂಸುತ್ತವೆ. ಡಾಂಗಲನ್ನು ಕಂಪ್ಯೂಟರಿನ ಹಿಂಬದಿಯಿಂದ ಬಿಡಿಸಿ ಒಂದು ಮೀಟರ್ ತಂತಿಯಲ್ಲಿ ಮೇಜಿನ ಮೇಲೆ ತಂದಿಟ್ಟರೆ ಧ್ವನಿ ಕಡಿಯುವ ದೂರು ಅನೇಕ ವೇಳೆ ಪರಿಹಾರವಾಗುತ್ತದೆ. ಮಾರಾಟದ ಹೊತ್ತಿಗೇ ಆ ತಂತಿಯನ್ನು ಜೊತೆಗೆ ಕೊಟ್ಟರೆ ಮರಳಿ ಬರುವ ಹೆಡ್‌ಸೆಟ್‌ಗಳ ಸಂಖ್ಯೆಯೂ ತಗ್ಗುತ್ತದೆ.

ಸಾರಾಂಶ

ತಂತಿರಹಿತ ಗೇಮಿಂಗ್ ಹೆಡ್‌ಸೆಟ್ ಕೊಳ್ಳತಕ್ಕದ್ದೇ ಎಂಬುದಕ್ಕೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರವಿಲ್ಲ. ದಿನವೂ ಗಂಟೆಗಟ್ಟಲೆ ಬಳಸುವ, ಎದ್ದು ಓಡಾಡುವ ಅಗತ್ಯವಿರುವ, ಒಬ್ಬನೇ ಬಳಸುವ ವ್ಯಕ್ತಿಗೆ ಡಾಂಗಲ್ ಇರುವ ಮಾದರಿ ತೆತ್ತ ಹಣಕ್ಕೆ ತಕ್ಕುದು. ಅಪರೂಪಕ್ಕೆ ಆಡುವವನಿಗೆ, ಅನೇಕ ಮಂದಿ ಸೇರುವ ಕೇಂದ್ರಕ್ಕೆ, ಧ್ವನಿಯ ಗುಣಮಟ್ಟಕ್ಕೇ ಹಣ ಹಾಕಬಯಸುವವನಿಗೆ ತಂತಿಯದೇ ಮೇಲು. ಬ್ಲೂಟೂತ್ ಮಾತ್ರ ಇರುವ ಹೆಡ್‌ಸೆಟ್ಟನ್ನು ಹಾಡಿಗೆಂದು ಮಾರಬಹುದು, ವೇಗದ ಆಟಕ್ಕೆಂದು ಮಾರಿದರೆ ಅದು ಅಂಗಡಿಗೆ ಮರಳುವುದನ್ನು ನಿರೀಕ್ಷಿಸಬೇಕು. ವರ್ತಕರು ಹೊಸ ಮಾದರಿಯನ್ನು ತರಿಸುವ ಮುನ್ನ ಒಂದು ಹಾಳೆಯಲ್ಲಿ ಅಂಚು, ಬಡ್ಡಿ, ಮರಳಿ ಬರಬಹುದಾದ ಸಂಖ್ಯೆ, ವಾರಂಟಿಯ ಷರತ್ತು, ನೋಂದಣಿ ಸಂಖ್ಯೆ ಈ ಐದನ್ನು ಬರೆದಿಟ್ಟುಕೊಳ್ಳಲಿ. ಐದರಲ್ಲಿ ಒಂದು ಖಾಲಿ ಉಳಿದರೂ ಆರ್ಡರನ್ನು ಒಂದು ವಾರ ಮುಂದೂಡುವುದು ಕ್ಷೇಮ. ವಾರ ತಡವಾದರೆ ತಪ್ಪುವುದು ಒಂದೆರಡು ಮಾರಾಟ, ಅವಸರಪಟ್ಟರೆ ಕಪಾಟಿನಲ್ಲಿ ಕುಳಿತು ಮುಪ್ಪಾಗುವುದು ಇಡೀ ಹೂಡಿಕೆ.